ಲೇಕ್ ಲನಿಯರ್‌ನಲ್ಲಿ ಮೊದಲ ಟೀಮ್ ಬಾಸ್ ಟೂರ್ನಮೆಂಟ್: ಹೋಗಿ ಬಂದವರು ಅನುಭವ ಹೇಳಿ

ಹೊಸ ಗಾಳ (ಅಟ್ಲಾಂಟಾ):
ನಮಸ್ಕಾರ. ಮಾರ್ಚ್ ಎರಡನೇ ಶನಿವಾರ ಇಲ್ಲಿನ ಲನಿಯರ್ ಕೆರೆಯಲ್ಲಿ ಬಾಸ್ ಮೀನು ಹಿಡಿಯೋ ಟೀಮ್ ಟೂರ್ನಮೆಂಟ್ ಇದೆ. ಬೋಟಿಗೆ ಇಬ್ಬರು, ಐದು ಮೀನಿನ ಒಟ್ಟು ತೂಕ ಲೆಕ್ಕ, 14 ಇಂಚಿಗೆ ಕಡಿಮೆ ಇರಬಾರದು. ಬೋಟ್ ಆಫೀಸಿನ ಗೆಳೆಯನದು, 18 ಅಡಿ. ಎಂಟ್ರಿ 150 ಡಾಲರ್ ನಾನು ಕೊಡ್ತೇನೆ ಅಂದಿದ್ದೇನೆ. ಇಬ್ಬರಿಗೂ ಇದೇ ಮೊದಲು. ಲೈವ್‌ಸ್ಕೋಪ್ (ನೀರೊಳಗಿನ ಮೀನನ್ನ ಆಗಿಂದಾಗಲೇ ಸ್ಕ್ರೀನಲ್ಲಿ ತೋರಿಸೋ ಸೋನಾರ್) ಇಲ್ಲದೆ ಹೋಗಬಹುದಾ? ದುಡ್ಡು ಬಂದರೆ ಹೇಗೆ ಹಂಚಿಕೊಳ್ಳೋದು?

ನಾಲ್ಕು ನಿಮಿಷ:
ದುಡ್ಡಿನ ಮಾತು ಆಮೇಲೆ. ಗಡಿಯಾರ ನೋಡೋದು ಯಾರು ಅಂತ ಮೊದಲು ತೀರ್ಮಾನ ಮಾಡಿಕೊಳ್ಳಿ. ಎರಡು ವರ್ಷದ ಹಿಂದೆ ನಮಗೆ 3 ಗಂಟೆಗೆ ವೇಯ್-ಇನ್ (ಮೀನು ತೂಕಕ್ಕೆ ಒಪ್ಪಿಸೋದು) ಇತ್ತು. 2:20ಕ್ಕೆ ಲೈವ್‌ವೆಲ್‌ನಲ್ಲಿ (ಮೀನು ಜೀವಂತ ಇಡೋ ಬೋಟಿನ ತೊಟ್ಟಿ) ಐದು ಮೀನು, 13.2 ಪೌಂಡ್. ನಾನು ಹೊರಡೋಣ ಅಂದೆ. ಪಾರ್ಟ್ನರ್ ಇನ್ನೊಂದು ಪಾಯಿಂಟ್ (ನೀರಿಗೆ ಚಾಚಿದ ದಡದ ಮೂಲೆ) ನೋಡೋಣ, ಚಿಕ್ಕದನ್ನ ಬಿಟ್ಟು ದೊಡ್ಡದು ಹಾಕೋಣ ಅಂದ. ಶನಿವಾರ ಮಧ್ಯಾಹ್ನ ಆ ಕೆರೆ ಹೇಗಿರುತ್ತೆ ಗೊತ್ತಲ್ಲ. ವೇಕ್ ಬೋಟುಗಳ ಅಲೆಗೆ ನಮ್ಮ ಬೋಟ್ ಎತ್ತಿನಗಾಡಿ ಆಯ್ತು. ನಾಲ್ಕು ನಿಮಿಷ ತಡ. ನಿಮಿಷಕ್ಕೊಂದು ಪೌಂಡ್ ಕಡಿತ. 9.2 ಉಳೀತು. ಕೊನೇ ಬಹುಮಾನದ ಚೆಕ್ ತಗೊಂಡವರದು 12.6.
ಖರ್ಚು ಬರೆದಿಟ್ಟಿದ್ದೇನೆ. ಎಂಟ್ರಿ 150. ಬಿಗ್ ಫಿಶ್ ಪಾಟ್ (ಅತಿ ದೊಡ್ಡ ಮೀನು ಹಿಡಿದವರಿಗೆ ಹೋಗೋ ಹಣ) 20. ಬೋಟಿಗೆ ಪೆಟ್ರೋಲ್ 71, ಟ್ರಕ್ಕಿಗೆ 38. ಪ್ರಾಕ್ಟೀಸಿಗೆ ಎರಡು ದಿನ ರಜೆ. ವಾಪಸ್ ಬರೋ ಆತುರದಲ್ಲಿ ಪ್ರಾಪ್ (ಮೋಟರಿನ ತಿರುಗೋ ರೆಕ್ಕೆ) ಕಲ್ಲಿಗೆ ತಾಗಿ 140. ಆ 140ರಲ್ಲಿ ಅರ್ಧ ಅವನು ಇವತ್ತಿಗೂ ಕೊಟ್ಟಿಲ್ಲ. ಇಲ್ಲಿ ಓದ್ತಾನೆ ಇರ್ತಾನೆ, ಓದಲಿ.

ಸಿರ್ಸಿ ಭಟ್ಟ:
ಲೈವ್‌ಸ್ಕೋಪ್ ಇಲ್ಲದೆ ಲನಿಯರ್‌ಗೆ ಹೋಗೋದು ಸುಮ್ನೆ 150 ಡಾಲರ್ ನೀರಿಗೆ ಹಾಕಿದ ಹಾಗೆ. ಅಲ್ಲಿ ಚೆಕ್ ಕೊಡಿಸೋದು ಸ್ಪಾಟೆಡ್ ಬಾಸ್ ಅನ್ನೋ ಜಾತಿ. ದಡದಲ್ಲಿ ಕೂರೋ ಮೀನಲ್ಲ ಅದು. ಹೆರಿಂಗ್ ಅನ್ನೋ ಸಣ್ಣ ಮೀನಿನ ಹಿಂದೆ ತಿರುಗ್ತಾ ಇರುತ್ತೆ, 30 ಅಡಿ ಕೆಳಗೆ ಬ್ರಶ್ ಪೈಲ್ (ಮುಳುಗಿಸಿದ ಕೊಂಬೆ ರಾಶಿ) ಮೇಲೆ ನಿಂತಿರುತ್ತೆ. ನಾನು ಸ್ಕ್ರೀನು, ಟ್ರಾನ್ಸ್‌ಡ್ಯೂಸರ್, ಲಿಥಿಯಂ ಬ್ಯಾಟರಿ, ಕಂಬ ಎಲ್ಲ ಸೇರಿ 3,860 ಹಾಕಿದೆ. ಹೆಂಡತಿಗೆ 1,900 ಅಂತ ಹೇಳಿದ್ದೆ. ಬಿಲ್ ಸಿಕ್ಕಿತು. ಅದು ಬೇರೆ ಕತೆ.
ಮೊದಲ ಟೂರ್ನಮೆಂಟಿನಲ್ಲಿ 11 ಗಂಟೆಗೇ ಐದು ಮೀನು, ಎಲ್ಲ ಡ್ರಾಪ್ ಶಾಟ್‌ನಲ್ಲಿ (ಕೆಳಗೆ ಭಾರ, ಮೇಲೆ ಗಾಳ ಕಟ್ಟೋ ವಿಧಾನ), ಎಲ್ಲ ಸ್ಕ್ರೀನ್ ಮೇಲೆ ಕಂಡಿದ್ದೇ. ಒಂದೇ ತಪ್ಪಾಯ್ತು. ಆಳದಿಂದ ಎಳೆದ ಮೀನಿನ ಗಾಳಿಚೀಲ ಉಬ್ಬಿಬಿಡುತ್ತೆ. ಎರಡು ಮೀನು ಹೊಟ್ಟೆ ಮೇಲೆ ಮಾಡಿ ತೇಲಿದವು. ಸೂಜಿ ಚುಚ್ಚಿ ಗಾಳಿ ತೆಗೀಬೇಕು, ನನಗೆ ಬರ್ತಿರಲಿಲ್ಲ. ಒಂದು ಸತ್ತಿತು. ಸತ್ತ ಮೀನಿಗೆ ಅರ್ಧ ಪೌಂಡ್ ದಂಡ. ಆರನೇ ಸ್ಥಾನ ಹೋಗಿ ಒಂಬತ್ತನೇದು. ಈಗ ಸೂಜಿ ಜೇಬಲ್ಲೇ ಇರುತ್ತೆ.

ಮಂಡ್ಯ ನಾಲೆ:
ಭಟ್ರೇ, ಟಿವಿ ನೋಡೋಕೆ ಕೆರೆ ಯಾಕೆ ಬೇಕು, ಮನೆ ಸೋಫಾ ಸಾಲದಾ? ನಾನು ವಿಶ್ವೇಶ್ವರಯ್ಯ ನಾಲೆ ಮೇಲೆ ಎರೆಹುಳು ಕಟ್ಟಿ ಕಲಿತವನು. ಲನಿಯರ್‌ನಲ್ಲೂ ಮಾರ್ಚ್‌ನಲ್ಲಿ ನೀರು 52 ಡಿಗ್ರಿ ಫ್ಯಾರನ್‌ಹೀಟ್ ಇದ್ದಾಗ ಗಾಳಿ ಹೊಡೆಯೋ ಕಲ್ಲು ಪಾಯಿಂಟ್ ಹುಡುಕಿ ಜರ್ಕ್‌ಬೈಟ್ (ಎಳೆದೆಳೆದು ಆಡಿಸೋ ಕೃತಕ ಮೀನು) ಎಸೆದೆ. 64 ಬೋಟಲ್ಲಿ 19ನೇದು ಬಂದ್ವಿ. ಹತ್ತು ಗಂಟೆಗೆ ಟ್ರೋಲಿಂಗ್ ಮೋಟರ್ (ಬೋಟನ್ನ ಮೆಲ್ಲಗೆ ಸಾಗಿಸೋ ಸಣ್ಣ ಎಲೆಕ್ಟ್ರಿಕ್ ಮೋಟರ್) ಬ್ಯಾಟರಿ ಕೈ ಕೊಡದೆ ಇದ್ದಿದ್ರೆ ಇನ್ನೂ ಮೇಲೆ ಇರ್ತಿದ್ವಿ. ಚಾರ್ಜರ್ ಪ್ಲಗ್ ಹಾಕಿದ್ದೆ, ಗ್ಯಾರೇಜಿನ ಸ್ವಿಚ್ಚೇ ಆಫ್ ಆಗಿತ್ತು. ಒಂದು ಸ್ವಿಚ್ಚು! ಆಮೇಲೆ ಗಾಳಿಗೆ ಎದುರಾಗಿ ಹುಟ್ಟು ಹಾಕಿದ ನೋವು ಭುಜದಲ್ಲಿ ಇನ್ನೂ ಇದೆ.
ಟೆಕ್ಸಾಸ್ ರೆಕಾರ್ಡ್ ಬಾಸ್ 18.18 ಪೌಂಡ್, 1992ರಲ್ಲಿ ಲೇಕ್ ಫೋರ್ಕ್‌ನಲ್ಲಿ ಬಿತ್ತು. ಹಿಡಿದವರು ಕ್ರ್ಯಾಪಿ ಅನ್ನೋ ಬೇರೆ ಮೀನು ಹಿಡಿಯೋಕೆ ಅಂತ ಸಣ್ಣ ಮೀನು ಕಟ್ಟಿ ಕೂತಿದ್ದವರು. ಅಲ್ಲಿ ಸ್ಕೋಪ್ ಎಲ್ಲಿತ್ತು?

ಸಿರ್ಸಿ ಭಟ್ಟ:
19ನೇದಕ್ಕೆ ಚೆಕ್ ಎಷ್ಟು ಬಂತು ಗುರು?

ಮಂಡ್ಯ ನಾಲೆ:
ನಿಮ್ಮ ಒಂಬತ್ತನೇದಕ್ಕೆ ಎಷ್ಟು ಬಂತೋ ಅಷ್ಟೇ. 3,860 ಖರ್ಚಿಲ್ಲದೆ.

ಕುಂದಾಪುರದವ:
ನನಗೆ ಅರ್ಥ ಆಗದ್ದು ಒಂದೇ ಮಾರಾಯ್ರೆ. ಇಷ್ಟೆಲ್ಲ ಮಾಡಿ ಹಿಡಿದ ಮೀನನ್ನು ತೂಕ ಮಾಡಿ ವಾಪಸ್ ನೀರಿಗೆ ಬಿಡೋದಾ? ಎಂತ ಕರ್ಮ. ಭಟ್ರು ತಿನ್ನೋದೂ ಇಲ್ಲ, ಮತ್ತೆ ಸೂಜಿ ಚುಚ್ಚೋದು ಬೇರೆ. ನಮ್ಮಲ್ಲಿ ಮೀನಿಗೆ ಒಂದೇ ಸಲ ಕಷ್ಟ, ಆಮೇಲೆ ಸಾರು.

ಸಿರ್ಸಿ ಭಟ್ಟ:
ನಾನು ಬಿಟ್ಟ ಮೀನು ಬದುಕಿರುತ್ತೆ ಸ್ವಾಮಿ. ನಿಮ್ಮ ಸಾರಿನಲ್ಲಿರೋದು ಈಜುತ್ತಾ?

ಡಾಲಸ್ ಕನ್ನಡಿಗ:
ಲೇಕ್ ಫೋರ್ಕ್ ಹೆಸರು ಬಂತಲ್ಲ, ಅಲ್ಲಿ ಆಡಿ ನೋಡಿ. 16ರಿಂದ 24 ಇಂಚಿನೊಳಗಿನ ಬಾಸ್ ಹಿಡಿದರೆ ತಕ್ಷಣ ಬಿಡಬೇಕು, ಲೈವ್‌ವೆಲ್‌ಗೆ ಹಾಕೋ ಹಾಗಿಲ್ಲ. ನಾವು ಬೆಳಗ್ಗೆಯಿಂದ ಹಿಡಿದದ್ದೆಲ್ಲ 17, 18, 19 ಇಂಚು. ಬೇರೆ ಕೆರೆಯಲ್ಲಾದರೆ ಅದೇ ಗೆಲ್ಲೋ ಮೀನು. ಒಂದೊಂದನ್ನೂ ಕೈಯಾರೆ ಬಿಟ್ಟೆವು. ವೇಯ್-ಇನ್‌ಗೆ ತಂದದ್ದು 15 ಇಂಚಿನ ಎರಡು ಮೀನು. ತಕ್ಕಡಿ ಹತ್ತಿರ ನಿಂತಿದ್ದ ಹುಡುಗ ನಕ್ಕ.
ಇನ್ನೊಂದು ವಿಷಯ. ನಾಲ್ಕು ನಿಮಿಷದವರೇ, 13.2 ಅಂದಿರಲ್ಲ, ಅದು ಯಾರ ತಕ್ಕಡಿ?

ನಾಲ್ಕು ನಿಮಿಷ:
ಏನ್ ಹೇಳ್ತಿದೀರಿ ನೀವು? ಟೂರ್ನಮೆಂಟ್ ತಕ್ಕಡಿಯೇ 13.2 ತೋರಿಸಿದ್ದು, ಆಮೇಲೆ ನಾಲ್ಕು ಕಳೆದರು. ಚೀಟಿ ಇದೆ ನನ್ನ ಹತ್ತಿರ.

ಡಾಲಸ್ ಕನ್ನಡಿಗ:
ಸಿಟ್ಟು ಯಾಕೆ? 2022ರಲ್ಲಿ ಲೇಕ್ ಈರಿಯ ವಾಲೈ ಮೀನಿನ ಟೂರ್ನಮೆಂಟಿನಲ್ಲಿ ಮೀನಿನ ಹೊಟ್ಟೆ ಸೀಳಿದಾಗ ತೂಕ ಹೆಚ್ಚಿಸೋಕೆ ತುರುಕಿದ್ದ ಸೀಸದ ಗುಂಡು ಬಿದ್ದದ್ದನ್ನ ಎಲ್ಲರೂ ನೋಡಿದ್ದೇವೆ. ಆ ಟೀಮಿನ ಇಬ್ಬರಿಗೂ ಜೈಲಾಯ್ತು, ಬೋಟೂ ಹೋಯ್ತು. ಕೇಳೋದರಲ್ಲಿ ತಪ್ಪಿಲ್ಲ.

ನಾಲ್ಕು ನಿಮಿಷ:
ಸೀಸ ತುಂಬಿದವನು 9.2 ಪೌಂಡಿಗೆ ಅಳ್ತಾ ಕೂರ್ತಾನಾ?

ಮೈಸೂರು ಅಕ್ಕ:
ನಿಮ್ಮ ಜಗಳ ಬಿಡಿ. ಪಾರ್ಟ್ನರ್‌ಗೆ ಬಲೆ ಹಿಡಿಯೋಕೆ ಬರುತ್ತಾ ಅಂತ ಯಾರೂ ಕೇಳಲಿಲ್ಲ. ನಾವು ಗಂಡ ಹೆಂಡತಿ ಟೀಮ್, ಐದು ವರ್ಷದಿಂದ. ಎರಡನೇ ವರ್ಷ ನನ್ನ ಗಾಳಕ್ಕೆ ನಾಲ್ಕು ಪೌಂಡ್ ಮೇಲಿನ ಸ್ಪಾಟೆಡ್ ಬಾಸ್ ಬಿತ್ತು. 8 ಪೌಂಡ್ ತಡೆಯೋ ಲೈನು, ಏಳು ನಿಮಿಷ ಆಡಿಸಿದೆ. ಬೋಟ್ ಪಕ್ಕಕ್ಕೆ ಬಂತು. ಬಲೆ ನೀರಲ್ಲಿ ಇಟ್ಟು ಕಾಯಿರಿ, ಮೀನು ತಾನೇ ಒಳಗೆ ಬರುತ್ತೆ ಅಂತ ಹೇಳಿದ್ದೆ. ಇವರು ಬಾಲದ ಕಡೆಯಿಂದ ಬಲೆ ಬೀಸಿದರು, ನೊಣ ಹೊಡೆದ ಹಾಗೆ. ಇನ್ನೊಂದು ಹುಕ್ ಬಲೆಗೆ ಸಿಕ್ಕಿತು, ಮೀನು ಹೋಯ್ತು. ಬಿಗ್ ಫಿಶ್ ಪಾಟ್ ಅವತ್ತು 480 ಡಾಲರ್. ಗೆದ್ದ ಮೀನು 3.9. ಮನೆ ತನಕ ಒಂದು ಗಂಟೆ ಹತ್ತು ನಿಮಿಷ ಇಬ್ಬರೂ ಮಾತಾಡಲಿಲ್ಲ. ಈಗ ಬಲೆ ನನ್ನ ಕೈಯಲ್ಲಿ, ನನ್ನ ಮೀನಿಗೂ ನಾನೇ.

ಮಂಡ್ಯ ನಾಲೆ:
ಅಕ್ಕ, ಲೈವ್‌ಸ್ಕೋಪ್ ಇತ್ತಾ ನಿಮ್ಮ ಹತ್ತಿರ?

ಮೈಸೂರು ಅಕ್ಕ:
ಇತ್ತು. ಮೀನು ಹೋಗೋದು ಸ್ಕ್ರೀನಲ್ಲಿ ಚೆನ್ನಾಗಿ ಕಾಣಿಸಿತು.

ಹೊಸ ಗಾಳ:
ಎಲ್ಲರಿಗೂ ಧನ್ಯವಾದ. ಹಂಚಿಕೊಳ್ಳೋ ವಿಷಯ ಮಾತ್ರ ಯಾರೂ ಹೇಳಲಿಲ್ಲ.

ನಾಲ್ಕು ನಿಮಿಷ:
ಎಲ್ಲಕ್ಕಿಂತ ಮೊದಲು ಪೆಟ್ರೋಲ್ ದುಡ್ಡು ತೆಗೆದಿಡಿ. ಉಳಿದದ್ದು ಅರ್ಧ ಅರ್ಧ. ಪ್ರಾಪ್ ಒಡೆದರೆ ಯಾರು ಕೊಡೋದು ಅಂತ ಇವತ್ತೇ ಬರೆದು ಸಹಿ ಹಾಕಿಸಿಕೊಳ್ಳಿ. ಡಾಲಸ್‌ನವರೇ, ಚೀಟಿ ಫೋಟೋ ಹಾಕ್ತೇನೆ, ಎಲ್ಲೂ ಹೋಗಬೇಡಿ.

ಕುಂದಾಪುರದವ:
ಭಟ್ರೇ, ಆ ಸತ್ತ ಮೀನು ಏನು ಮಾಡಿದಿರಿ?