ಯಾವ ಸಬ್‌ಸ್ಕ್ರಿಪ್ಷನ್ ಇಟ್ಟುಕೊಳ್ಳೋದು, ಯಾವುದು ಬಿಡೋದು? ತಿಂಗಳಿಗೆ ಒಂದೂವರೆ ಸಾವಿರ ದಾಟ್ತಿದೆ

ಬೆಣ್ಣೆನಗರಿ

ಎಲ್ಲರಿಗೂ ನಮಸ್ಕಾರ. ಜನವರಿಯಲ್ಲಿ ನಮ್ಮನೆಯ ಎರಡು ಮೂರು ಸಬ್‌ಸ್ಕ್ರಿಪ್ಷನ್ ರಿನ್ಯೂ ಆಗಬೇಕು. ಅದಕ್ಕೆ ಮೊದಲು ಒಂದು ಲೆಕ್ಕ ಹಾಕೋಣ ಅಂತ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದು ಕೂತೆ. ನೆಟ್‌ಫ್ಲಿಕ್ಸ್ 499ರ ಪ್ಲಾನ್, ಪ್ರೈಮ್ ವರ್ಷಕ್ಕೆ 1499, ಜಿಯೋಹಾಟ್‌ಸ್ಟಾರ್ ಪ್ರೀಮಿಯಂ 2025ರಲ್ಲಿ ಕಟ್ಟಿದ್ದು ವರ್ಷಕ್ಕೆ 1499, ಯೂಟ್ಯೂಬ್ ಪ್ರೀಮಿಯಂ 149, ಗೂಗಲ್ ಸ್ಟೋರೇಜ್ 130, ಆಮೇಲೆ ಜೀ5, ಹಾಡಿಗೆ ಬೇರೆ ಒಂದು ಆಪ್, ಮಗನ ಪಾಠಕ್ಕೆ ಒಂದು ಆಪ್. ವರ್ಷದ್ದನ್ನೆಲ್ಲ ತಿಂಗಳಿಗೆ ಹಂಚಿ ನೋಡಿದರೆ ಒಂದೂವರೆ ಸಾವಿರ ದಾಟುತ್ತದೆ. ಡಿಟಿಎಚ್ ರೀಚಾರ್ಜ್, ಮೊಬೈಲ್ ರೀಚಾರ್ಜ್ ಇದರಲ್ಲಿ ಸೇರಿಲ್ಲ.

ಮನೆಯಲ್ಲಿ ಯಾರು ಏನು ನೋಡ್ತಾರೆ ಅಂತಲೂ ಹೇಳಿಬಿಡ್ತೇನೆ. ಅತ್ತೆಗೆ ಸಂಜೆ ಧಾರಾವಾಹಿ, ಅದು ಟಿವಿಯಲ್ಲೇ. ಬಿಗ್ ಬಾಸ್ ಬಂದರೆ ಅತ್ತೆ, ಮಗಳು ಇಬ್ಬರೂ ಬಿಡಲ್ಲ. ನಮ್ಮನೆಯವರಿಗೆ ಐಪಿಎಲ್ ಒಂದಿದ್ದರೆ ಸಾಕು, ಅದರಲ್ಲೂ ಆರ್‌ಸಿಬಿ ಮ್ಯಾಚ್ ಒಂದೂ ತಪ್ಪಬಾರದು, ಮೊಬೈಲ್‌ನಲ್ಲಾದರೂ ಸರಿ. ಮಗಳು ಸೆಕೆಂಡ್ ಪಿಯುಸಿ, ಬಿಡುವಿದ್ದಾಗ ಕೊರಿಯನ್ ಸೀರೀಸ್. ಮಗ ಏಳನೇ ಕ್ಲಾಸ್, ಯೂಟ್ಯೂಬ್ ಒಂದೇ. ನನಗೆ ರಾತ್ರಿ ಅಡುಗೆಮನೆ ಕೆಲಸ ಮುಗಿದ ಮೇಲೆ ಟ್ಯಾಬ್‌ನಲ್ಲಿ ಒಂದು ಸಿನಿಮಾ, ಅದನ್ನೂ ಎರಡು ರಾತ್ರಿ ಸೇರಿಸಿ ಮುಗಿಸೋದು.

ಎಲ್ಲ ತೆಗೆದು ಹಾಕಿ ಅಂತ ಮಾತ್ರ ಹೇಳಬೇಡಿ. ದಿನವಿಡೀ ದುಡಿದು ಬಂದವರಿಗೆ ಇಷ್ಟಾದರೂ ಬೇಕು. ಯಾವುದಕ್ಕೆ ದುಡ್ಡು ಕೊಡೋದು ನಿಜವಾಗಿ ಸರಿ, ಯಾವುದು ಸುಮ್ನೆ ಹೋಗ್ತಿದೆ ಅನ್ನೋದು ತಿಳಿದರೆ ಸಾಕು.

ತುಂಗಾತೀರ

ಮೇಡಂ, ಮೊದಲು ನೆಟ್‌ಫ್ಲಿಕ್ಸ್ ಪ್ಲಾನ್ ಇಳಿಸಿ. 499ರದ್ದು ಎರಡು ಸ್ಕ್ರೀನ್‌ಗೆ, ಫುಲ್ ಎಚ್‌ಡಿಗೆ. ನಿಮ್ಮಲ್ಲಿ ಅದನ್ನು ನೋಡೋದು ನೀವು ಮತ್ತು ಮಗಳು, ಅದೂ ಒಬ್ಬರಾದ ಮೇಲೆ ಒಬ್ಬರು. 199ರ ಪ್ಲಾನ್ ಟಿವಿಯಲ್ಲೂ ಬರುತ್ತದೆ, 720ಪಿ ಕ್ವಾಲಿಟಿ, ಒಂದು ಸಲಕ್ಕೆ ಒಂದೇ ಸ್ಕ್ರೀನ್. ಟ್ಯಾಬ್‌ನಲ್ಲಿ ನೋಡೋರಿಗೆ ಇದು ಧಾರಾಳ. ಇಲ್ಲೇ ತಿಂಗಳಿಗೆ 300 ಉಳಿಯಿತು. ಫೋನ್, ಟ್ಯಾಬ್ ಮಾತ್ರ ಸಾಕು ಅಂದರೆ 149ರದ್ದೂ ಇದೆ, ಆದರೆ ಅದು 480ಪಿ, ಟಿವಿಗೆ ಬರಲ್ಲ.

ನೆಟ್‌ಫ್ಲಿಕ್ಸ್ ಹನ್ನೆರಡು ತಿಂಗಳೂ ಬೇಕಾ ಅಂತಲೂ ಯೋಚಿಸಿ. ಅದು ತಿಂಗಳ ಲೆಕ್ಕದ್ದು. ಇವತ್ತು ಕ್ಯಾನ್ಸಲ್ ಮಾಡಿದರೂ ದುಡ್ಡು ಕಟ್ಟಿದ ತಿಂಗಳು ಮುಗಿಯುವವರೆಗೆ ನೋಡಬಹುದು. ಮಗಳಿಗೆ ಪರೀಕ್ಷೆ ಹತ್ತಿರ ಬಂತಲ್ವಾ, ಅದು ಮುಗಿಯೋವರೆಗೆ ನಿಲ್ಲಿಸಿ, ರಜೆಯಲ್ಲಿ ಹಾಕಿಸಿ. ನಾವು ಮನೆಯಲ್ಲಿ ಹೀಗೇ ಮಾಡೋದು, ಒಂದು ತಿಂಗಳು ಇದು, ಇನ್ನೊಂದು ತಿಂಗಳು ಅದು. ಬೇಕಾದ ಸಿನಿಮಾಗಳ ಪಟ್ಟಿ ಫ್ರಿಜ್ ಬಾಗಿಲಿಗೆ ಅಂಟಿಸಿರ್ತೇವೆ. ಪಟ್ಟಿಯಲ್ಲಿ ನಾಲ್ಕೈದು ಸೇರಿದ ಮೇಲೆ ಒಂದು ತಿಂಗಳಿಗೆ ದುಡ್ಡು ಕಟ್ಟೋದು.

ಪ್ರೈಮ್ ವಿಷಯ ಬೇರೆ. ಅದನ್ನು ಸಿನಿಮಾಗೆ ಅಂತ ಇಟ್ಟುಕೊಂಡಿದ್ದೀರಾ, ಸಾಮಾನು ತರಿಸೋಕಾ? 2025ರ ಜೂನ್‌ನಿಂದ ಅದರಲ್ಲೂ ಮಧ್ಯೆ ಜಾಹೀರಾತು ಬರ್ತಿದೆ. ಜಾಹೀರಾತು ಬೇಡ ಅಂದರೆ ವರ್ಷಕ್ಕೆ ಇನ್ನೂ 699 ಕೊಡಬೇಕು. ಅದನ್ನು ಕೊಡಬೇಡಿ. ತಿಂಗಳಿಗೆ ನಾಲ್ಕೈದು ಸಲ ಸಾಮಾನು ತರಿಸ್ತೀರಿ ಅಂದರೆ ಪ್ರೈಮ್ ಇರಲಿ, ಕನ್ನಡ ಸಿನಿಮಾ ಜತೆಗೆ ಬಂದ ಲಾಭ. ಸಾಮಾನು ಬೇಗ ಬಂದರೆ ಸಾಕು, ಸಿನಿಮಾ ಒಂದೇ ಸ್ಕ್ರೀನ್‌ನಲ್ಲಿ ನೋಡಿದರೂ ನಡೆಯುತ್ತೆ ಅನ್ನೋರಿಗೆ 799ರ ಪ್ರೈಮ್ ಲೈಟ್ ಇದೆ.

ಹುಬ್ಬಳ್ಳಿ ಗಾಳಿ

ಹಾಟ್‌ಸ್ಟಾರ್ ಲೆಕ್ಕ ನಾ ಹೇಳ್ತೇನ್ರಿ, ನಮ್ಮನೆಯಲ್ಲೂ ಕ್ರಿಕೆಟ್ ಹುಚ್ಚು.

ಐಪಿಎಲ್ 2023, 2024ರಲ್ಲಿ ಜಿಯೋಸಿನಿಮಾದಲ್ಲಿ ಪುಕ್ಕಟೆ ಇತ್ತು. 2025ರ ಫೆಬ್ರುವರಿಯಲ್ಲಿ ಜಿಯೋಸಿನಿಮಾ, ಹಾಟ್‌ಸ್ಟಾರ್ ಎರಡೂ ಒಂದಾದ ಮೇಲೆ ದುಡ್ಡಿನ ಬಾಬತ್ತು ಶುರುವಾಯ್ತು. ನೀವು 2025ರಲ್ಲಿ ಕಟ್ಟಿದ್ದು 1499ರ ಪ್ರೀಮಿಯಂ. ಅದರ ದೊಡ್ಡ ಲಾಭ ಜಾಹೀರಾತು ಇಲ್ಲ ಅನ್ನೋದು. ಆದರೆ ಲೈವ್ ಮ್ಯಾಚ್‌ನಲ್ಲಿ ಪ್ರೀಮಿಯಂ ಇದ್ದರೂ ಜಾಹೀರಾತು ಬಂದೇ ಬರುತ್ತದೆ. ಓವರ್ ಮುಗಿದ ಕೂಡಲೇ ಅದೇ ಸೋಪು, ಅದೇ ಸಿಮೆಂಟು. ಹಂಗಾದರೆ ಕ್ರಿಕೆಟ್‌ಗೆ ಅಂತ ಪ್ರೀಮಿಯಂ ಯಾಕ್ರಿ?

ಐಪಿಎಲ್ ಮಾತ್ರ ಅಂದರೆ ಮೂರು ತಿಂಗಳ ಸೂಪರ್ ಪ್ಲಾನ್ ಸಾಕು (2025ರಲ್ಲಿ 299 ಇತ್ತು), ಮಾರ್ಚ್ ಕೊನೆಗೆ ಹಾಕಿಸಿದರೆ ಫೈನಲ್‌ವರೆಗೂ ಬರುತ್ತದೆ. ಆದರೆ ನಿಮ್ಮಲ್ಲಿ ಬಿಗ್ ಬಾಸ್ ಕೂಡ ಇದೆ. ಅದು ಸೆಪ್ಟೆಂಬರ್ ಕೊನೆಗೆ ಶುರುವಾದರೆ ಜನವರಿವರೆಗೆ ಎಳೆಯುತ್ತದೆ, ಮೂರು ತಿಂಗಳಲ್ಲಿ ಮುಗಿಯಲ್ಲ. 2025ರ ರೇಟಿನಲ್ಲಿ ಹಂಗೆ ಮೂರು ಸಲ 299 ಕಟ್ಟಿದರೆ 897 ಆಗ್ತಿತ್ತು. ಸೂಪರ್ ವರ್ಷಕ್ಕೇ 899 ಇತ್ತು. ಸ್ವಲ್ಪ ಜಾಸ್ತಿ ಕೊಟ್ಟು ವರ್ಷದ್ದೇ ತಗೊಳ್ರಿ, ಎರಡು ಡಿವೈಸ್‌ನಲ್ಲಿ ನಡೆಯುತ್ತದೆ. ಪ್ರೀಮಿಯಂನಿಂದ ಸೂಪರ್‌ಗೆ ಇಳಿದರೆ ನಿಮ್ಮನೆಯವರಿಗೆ ಒಂದು ಮ್ಯಾಚೂ ತಪ್ಪೋದಿಲ್ಲ, ಕನ್ನಡ ಕಾಮೆಂಟರಿ ಸಮೇತ.

ಇನ್ನೊಂದು, ಹಾಟ್‌ಸ್ಟಾರ್ ಮೊಬೈಲ್ ಪ್ಲಾನ್ ಕೆಲವು ರೀಚಾರ್ಜ್ ಜತೆಗೇ ಬರುತ್ತದೆ. ಮನೆಯ ನಾಲ್ಕು ನಂಬರ್‌ನಲ್ಲಿ ಯಾವುದಕ್ಕಾದರೂ ಈಗಾಗಲೇ ಬಂದಿದೆಯಾ ಅಂತ ರೀಚಾರ್ಜ್ ಆಪ್ ತೆಗೆದು ನೋಡ್ರಿ. ಬಂದಿರ್ತದೆ, ಯಾರೂ ಆ್ಯಕ್ಟಿವೇಟ್ ಮಾಡಿರಲ್ಲ.

ಮಲೆನಾಡ ಮಳೆ

ಧಾರಾವಾಹಿ ಟಿವಿಯಲ್ಲೇ ನೋಡ್ತಾರೆ ಅಂದ ಮೇಲೆ ಜೀ5 ಯಾಕೆ? ಒಂದು ದಿನ ತಪ್ಪಿದರೂ ಮಾರನೇ ದಿನ ಮಧ್ಯಾಹ್ನ ಮರುಪ್ರಸಾರ ಇದ್ದೇ ಇರುತ್ತದೆ. ನಾನಾದರೆ ಮೊದಲು ಅದನ್ನೇ ತೆಗೆಯುತ್ತಿದ್ದೆ.

ನೋಡುಗ

ಮೇಲಿನವರ ಮಾತು ನಾನು ಒಪ್ಪಲ್ಲ. ಲೆಕ್ಕ ಸರಿಯಾಗೇ ಇದೆ, ಆದರೆ ಕನ್ನಡದ ಮಟ್ಟಿಗೆ ಈ ವಿಷಯ ಅಷ್ಟು ಸುಲಭ ಇಲ್ಲ.

ನಮ್ಮ ಸಿನಿಮಾದವರು ಎಷ್ಟು ವರ್ಷದಿಂದ ಒಂದೇ ಮಾತು ಹೇಳ್ತಿದ್ದಾರೆ, ಕನ್ನಡ ಸಿನಿಮಾ ಒಟಿಟಿಗೆ (ನೆಟ್‌ಫ್ಲಿಕ್ಸ್, ಪ್ರೈಮ್‌ನಂಥ ಆಪ್‌ಗಳಿಗೆ) ಮಾರೋದು ಕಷ್ಟ, ತಮಿಳು ತೆಲುಗು ಮಲಯಾಳಂಗೆ ಕೊಟ್ಟಷ್ಟು ಬೆಲೆ ನಮಗೆ ಕೊಡಲ್ಲ ಅಂತ. 2024ರಲ್ಲಿ ‘ಏಕಂ’ ಅನ್ನೋ ವೆಬ್ ಸರಣಿ ಬಂತಲ್ಲ, ಕರಾವಳಿ ಕಡೆಯ ಕತೆಗಳು. ಅದನ್ನು ಕೊಳ್ಳುವ ಒಟಿಟಿ ಸಿಗದೆ ತಂಡದವರೇ ತಮ್ಮ ವೆಬ್‌ಸೈಟ್‌ನಲ್ಲಿ 149 ರೂಪಾಯಿಗೆ ಬಿಟ್ಟರು. ನಾನು ಅದಕ್ಕೆ ದುಡ್ಡು ಕೊಟ್ಟು ನೋಡಿದೆ, ಇವತ್ತಿಗೂ ಅದು ಒಳ್ಳೇ ಖರ್ಚು ಅಂತಲೇ ಅನ್ನಿಸುತ್ತದೆ. ಮರುವರ್ಷ, 2025ರಲ್ಲಿ, ಜೀ5 ‘ಅಯ್ಯನ ಮನೆ’ ಅಂತ ಕನ್ನಡದಲ್ಲೇ ಒಂದು ಸರಣಿ ತಂದಿತು. ಯಾರು ಕನ್ನಡದಲ್ಲಿ ಹೊಸದಾಗಿ ಏನಾದರೂ ಮಾಡ್ತಿದ್ದಾರೋ ಅಲ್ಲಿ ನಮ್ಮ ದುಡ್ಡು ಸ್ವಲ್ಪ ಇರಲಿ ಅನ್ನೋದು ನನ್ನ ಆಸೆ. ನಾವು ನೋಡೋದು, ದುಡ್ಡು ಕಟ್ಟೋದು ಎರಡೂ ಅವರ ಲೆಕ್ಕಕ್ಕೆ ಹೋಗುತ್ತವೆ. ಅಲ್ಲಿ ಕನ್ನಡದ ಸಂಖ್ಯೆ ಕಮ್ಮಿ ಕಂಡರೆ ಮುಂದಿನ ಸಲ ಕನ್ನಡಕ್ಕೆ ದುಡ್ಡು ಹಾಕೋರು ಯಾರು?

ಜೀ5 ಹನ್ನೆರಡು ತಿಂಗಳೂ ಇಟ್ಟುಕೊಳ್ಳಿ ಅಂತ ನಾನು ಹೇಳ್ತಿಲ್ಲ. ಅದರಲ್ಲಿ ಒಂದು ಹೊಸ ಕನ್ನಡ ಸಿನಿಮಾ ಬಂದಾಗ, ಸರಣಿ ಬಂದಾಗ ಹಾಕಿಸಿ ನೋಡಿ. ಹಾಗೇ ಇನ್ನೊಂದು ಮಾಡಿ, ದುಡ್ಡೇನೂ ಬೇಡ. ಯಾವ ಆಪ್ ಆದರೂ ಡಬ್ಬಿಂಗ್ ಸಿನಿಮಾಗೆ ಕನ್ನಡ ಆಡಿಯೋ ಇದ್ದರೆ ಅದನ್ನೇ ಆರಿಸಿ. ಹಿಂದಿಯಲ್ಲಿ ತಾನಾಗೇ ಶುರುವಾಯ್ತು ಅಂತ ಹಾಗೇ ಬಿಡಬೇಡಿ.

ಮಲೆನಾಡ ಮಳೆ

@ನೋಡುಗ ಹೊಸದು ಬಂದಾಗ ಹಾಕಿಸೋದು ಅಂದರೆ ನನಗೂ ಒಪ್ಪಿಗೆ. ನಾನು ಹೇಳಿದ್ದು ಧಾರಾವಾಹಿಗೋಸ್ಕರ ವರ್ಷಪೂರ್ತಿ ಬೇಡ ಅಂತ ಅಷ್ಟೇ.

ಹಳೇ ಮೇಷ್ಟ್ರು

ಪಾಠದ ಆಪ್ ಬಗ್ಗೆ ಯಾರೂ ಮಾತಾಡಿಲ್ಲ, ನಾನು ಹೇಳ್ತೇನೆ. ಏಳನೇ ತರಗತಿ ಮಗುವಿಗೆ ಅದು ಬೇಕಾಗಿಲ್ಲ ತಾಯಿ. ಮಗ ಸ್ಟೇಟ್ ಸಿಲಬಸ್ ಆದರೆ ಪುಸ್ತಕ ತೆಗೆದು ನೋಡಿ, ಪಾಠಗಳ ಜತೆ ಕ್ಯುಆರ್ ಕೋಡ್ ಅಚ್ಚಾಗಿದೆ. ದೀಕ್ಷಾ ಆಪ್‌ನಲ್ಲಿ ಅದನ್ನು ಸ್ಕ್ಯಾನ್ ಮಾಡಿದರೆ ಆ ಪಾಠಕ್ಕೆ ಸೇರಿದ ವಿಡಿಯೋ, ಪ್ರಶ್ನೆಗಳು ಬರುತ್ತವೆ. ಸರ್ಕಾರದ್ದು, ಒಂದು ರೂಪಾಯಿ ಇಲ್ಲ. ಪಠ್ಯಪುಸ್ತಕ ಸಂಘದ ವೆಬ್‌ಸೈಟ್‌ನಲ್ಲಿ ಪುಸ್ತಕಗಳ ಪಿಡಿಎಫ್ ಸಿಗುತ್ತದೆ. ಮಗಳು ಸೈನ್ಸ್ ಆದರೆ ಅವಳ ಎನ್‌ಸಿಇಆರ್‌ಟಿ ಪುಸ್ತಕಗಳೂ ಪುಕ್ಕಟೆ ಸಿಗುತ್ತವೆ.

ಆಪ್‌ನಲ್ಲಿ ಮಗು ಎಷ್ಟು ಹೊತ್ತು ಕೂತಿತು ಅನ್ನೋದನ್ನು ನೋಡಬೇಡಿ. ನೋಟ್‌ಬುಕ್ ತೆಗೆಸಿ, ಆಪ್‌ನಲ್ಲಿ ನೋಡಿದ ಒಂದು ಲೆಕ್ಕವನ್ನು ಎದುರಿಗೆ ಮಾಡಿಸಿ. ಮಾಡಿದರೆ ಆಪ್ ಇರಲಿ. ವಿಡಿಯೋ ನೋಡಿ ತಲೆಯಾಡಿಸಿ ಎದ್ದು ಹೋಗ್ತಾನೆ ಅಂದರೆ ಆ ದುಡ್ಡಿಗೆ ಪಕ್ಕದ ಬೀದಿಯ ಟ್ಯೂಷನ್ನೇ ಮೇಲು.

ಓದುವ ಅಭ್ಯಾಸ ಇದ್ದರೆ ನಮ್ಮ ರಾಜ್ಯದ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ ಇದೆ, ಅದೂ ಉಚಿತ. ಅತ್ತೆಯವರಿಗೆ ಹಾಡು ಬೇಕಾದರೆ ಆಕಾಶವಾಣಿಯ ನ್ಯೂಸ್ ಆನ್ ಏರ್ ಆಪ್ ಹಾಕಿಕೊಡಿ, ಬೆಂಗಳೂರಿನ ಅಮೃತವರ್ಷಿಣಿ ಎಫ್‌ಎಂ ದಾವಣಗೆರೆಯಲ್ಲೇ ಕೂತು ಕೇಳಬಹುದು.

ಪಾಸ್‌ಬುಕ್

ನಾನು ಬ್ಯಾಂಕ್ ಕೌಂಟರ್‌ನಲ್ಲಿ ಕೆಲಸ ಮಾಡುವವನು. ಯಾವ ಆಪ್ ಒಳ್ಳೇದು ಅಂತ ಹೇಳುವಷ್ಟು ನೋಡಲ್ಲ, ಆದರೆ ದುಡ್ಡು ಹೇಗೆ ಹೋಗುತ್ತದೆ ಅನ್ನೋದನ್ನು ದಿನಾ ನೋಡ್ತೇನೆ. ವಯಸ್ಸಾದವರು ಪಾಸ್‌ಬುಕ್ ಎಂಟ್ರಿ ಮಾಡಿಸಿ ಅಲ್ಲೇ ನಿಂತು ಕನ್ನಡಕ ಸರಿಮಾಡಿಕೊಂಡು ಒಂದು ಸಾಲಿನ ಮೇಲೆ ಬೆರಳಿಟ್ಟು ಕೇಳ್ತಾರೆ, ‘ಇದೇನಪ್ಪ ಪ್ರತಿ ತಿಂಗಳೂ 99 ರೂಪಾಯಿ?’ ವಿಚಾರಿಸಿದರೆ ಮೊಮ್ಮಗ ಯಾವುದೋ ಆಪ್‌ನಲ್ಲಿ ಒಂದು ರೂಪಾಯಿಗೆ ಒಂದು ವಾರ ಅಂತ ಒತ್ತಿರುತ್ತಾನೆ. ಆ ಒಂದು ರೂಪಾಯಿ ಕಟ್ಟುವಾಗ ಹಾಕಿದ ಯುಪಿಐ ಪಿನ್ ಆಟೋಪೇಗೂ, ಅಂದರೆ ಮುಂದೆ ತಾನಾಗೇ ದುಡ್ಡು ಹೋಗೋಕೂ ಒಪ್ಪಿಗೆ ಆಗಿರುತ್ತದೆ. ಆಮೇಲೆ 15,000 ರೂಪಾಯಿವರೆಗೆ ಪ್ರತಿ ಸಲ ಪಿನ್ ಕೇಳಬೇಕಾಗಿಲ್ಲ.

ಎಲ್ಲರೂ ಆಪ್ ಡಿಲೀಟ್ ಮಾಡಿ ಮುಗಿಯಿತು ಅಂದುಕೊಳ್ತಾರೆ. ಆಪ್ ಹೋದರೂ ಆಟೋಪೇ ಹೋಗಲ್ಲ! ಫೋನ್‌ಪೇ, ಗೂಗಲ್‌ಪೇ, ಯಾವುದರಿಂದ ಕಟ್ಟಿದ್ದೀರೋ ಅದರೊಳಗೆ ಆಟೋಪೇ ಅಂತ ಜಾಗ ಇದೆ, ಅಲ್ಲಿ ಹೋಗಿ ಒಂದೊಂದನ್ನೇ ನೋಡಿ, ಬೇಡದ್ದನ್ನು ರದ್ದು ಮಾಡಿ, ಪಿನ್ ಹಾಕಿ. ಪ್ಲೇಸ್ಟೋರ್ ಮೂಲಕ ತಗೊಂಡಿದ್ದರೆ ಅಲ್ಲಿ ನಿಮ್ಮ ಫೋಟೋ ಒತ್ತಿದಾಗ ಬರುವ ಪೇಮೆಂಟ್ಸ್ ಒಳಗೆ ಸಬ್‌ಸ್ಕ್ರಿಪ್ಷನ್ಸ್ ಇರುತ್ತದೆ. ಎರಡೂ ಕಡೆ ನೋಡಬೇಕು. ಕಾರ್ಡ್‌ನಿಂದ ಹೋಗ್ತಿದ್ದರೆ ಬ್ಯಾಂಕಿನವರು ಕಡಿತಕ್ಕೆ 24 ಗಂಟೆ ಮೊದಲೇ ಮೆಸೇಜ್ ಕಳಿಸಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮ 2021ರ ಅಕ್ಟೋಬರ್‌ನಿಂದಲೇ ಇದೆ. ದಯವಿಟ್ಟು ಆ ಮೆಸೇಜ್‌ಗಳನ್ನು ಓದದೆ ಅಳಿಸಬೇಡಿ, ನಿಲ್ಲಿಸೋಕೆ ಇರುವ ಸಮಯ ಅದೇ.

ಸೇರೋದು ಒಂದು ಒತ್ತಿಗೆ, ಬಿಡೋದಕ್ಕೆ ಹತ್ತು ಪುಟ ಅಂತ ಸುತ್ತಿಸುವ ಆಪ್‌ಗಳಿವೆ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ತಂದ ಮಾರ್ಗಸೂಚಿಯಲ್ಲಿ ಇಂಥದ್ದನ್ನು ನಿಷೇಧಿಸಿದೆ. ನಿಲ್ಲಿಸೋಕೆ ಬಿಡ್ತಿಲ್ಲ ಅಂದರೆ 1915ಕ್ಕೆ ಫೋನ್ ಮಾಡಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಅದು.

ಮಗಳು ಚಾಟ್‌ಜಿಪಿಟಿ ಬಳಸ್ತಾಳಾ? 2025ರ ನವೆಂಬರ್‌ನಿಂದ ಅದರ ಗೋ ಪ್ಲಾನ್ ಒಂದು ವರ್ಷ ಉಚಿತ ಅಂತ ಕೊಟ್ಟರು. ಬಳಸಲಿ, ಒಳ್ಳೇದೇ. ಆದರೆ ಸೇರುವಾಗ ಕಾರ್ಡ್ ಅಥವಾ ಯುಪಿಐ ಕೊಟ್ಟಿರ್ತಾರೆ, ವರ್ಷ ಮುಗಿದ ಮೇಲೆ ದುಡ್ಡು ಹೋಗೋಕೆ ಶುರುವಾಗುತ್ತದೆ. ಶುರು ಮಾಡಿದ ದಿನವೇ ಕ್ಯಾಲೆಂಡರ್‌ನಲ್ಲಿ ಬರೆದಿಡಿ.

ಬೆಣ್ಣೆನಗರಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಷ್ಟೊಂದು ವಿವರ ಸಿಗುತ್ತದೆ ಅಂದುಕೊಂಡಿರಲಿಲ್ಲ. ನೆಟ್‌ಫ್ಲಿಕ್ಸ್ ಈ ತಿಂಗಳಿಗೆ ನಿಲ್ಲಿಸ್ತಿದ್ದೇನೆ, ಪರೀಕ್ಷೆ ಮುಗಿದ ಮೇಲೆ 199ರದ್ದು. ಹಾಟ್‌ಸ್ಟಾರ್ ಸೂಪರ್‌ಗೆ ಇಳಿಸ್ತೇನೆ, ಲೆಕ್ಕ ಹೇಳಿದ ಮೇಲೆ ನಮ್ಮನೆಯವರೂ ಒಪ್ಪಿದರು. ಜೀ5 ಹೊಸ ಕನ್ನಡದ್ದು ಬಂದಾಗ. ಸಾಮಾನು ತುಂಬಾ ತರಿಸೋದರಿಂದ ಪ್ರೈಮ್ ಇರಲಿ. ಮೇಷ್ಟ್ರೇ, ಇವತ್ತು ಸಂಜೆಯೇ ಮಗನ ಕೈಯಲ್ಲಿ ಲೆಕ್ಕ ಮಾಡಿಸಿ ನೋಡ್ತೇನೆ.

ಎರಡು ಉಳಿದಿದೆ. ಯೂಟ್ಯೂಬ್ ಮತ್ತು ಹಾಡಿನ ಆಪ್ ಎರಡೂ ಬೇಕಾ? ಗೂಗಲ್ ಸ್ಟೋರೇಜ್ 130 ದಂಡವಾ?

ತುಂಗಾತೀರ

ಹಾಡಿನ ಆಪ್ ತೆಗೆದುಬಿಡಿ. ಯೂಟ್ಯೂಬ್ ಪ್ರೀಮಿಯಂ ಇದ್ದರೆ ಯೂಟ್ಯೂಬ್ ಮ್ಯೂಸಿಕ್ ಅದರಲ್ಲೇ ಬರುತ್ತದೆ, ಸ್ಕ್ರೀನ್ ಆಫ್ ಮಾಡಿ ಕೇಳಬಹುದು, ಡೌನ್‌ಲೋಡ್ ಕೂಡ ಆಗುತ್ತದೆ. ನನ್ನ ಮಟ್ಟಿಗೆ ಈ ಪಟ್ಟಿಯಲ್ಲಿ ಮನೆಮಂದಿಗೆಲ್ಲ ದಿನಾ ಬಳಕೆಯಾಗೋದು ಇದೊಂದೇ. ಮನೆಯಲ್ಲಿ ಐದು ಜನ ನೋಡ್ತೀರಿ ಅಂದರೆ ಫ್ಯಾಮಿಲಿ ಪ್ಲಾನ್ 299, ನಿಮ್ಮನ್ನು ಬಿಟ್ಟು ಇನ್ನೂ ಐದು ಜನರನ್ನು ಸೇರಿಸಬಹುದು, ಎಲ್ಲರೂ ಒಂದೇ ಮನೆಯಲ್ಲಿರಬೇಕು. ಐಫೋನ್ ಇದ್ದರೆ ಅದರ ಆಪ್ ಒಳಗೆ ಕೊಳ್ಳಬೇಡಿ, ರೇಟು ಜಾಸ್ತಿ. ಬ್ರೌಸರ್‌ನಲ್ಲಿ ಕಟ್ಟಿ.

ಸ್ಟೋರೇಜ್ ದಂಡ ಅಲ್ಲ, ಮಕ್ಕಳ ಫೋಟೋ ಎಲ್ಲ ಅದರಲ್ಲೇ ಇರುತ್ತವಲ್ವಾ. ಆದರೆ ತಿಂಗಳಿಗೆ 130 ಕೊಡೋ ಬದಲು ವರ್ಷಕ್ಕೆ 1300 ಕಟ್ಟಿ, ಎರಡು ತಿಂಗಳದ್ದು ಉಳಿಯುತ್ತದೆ. ಇದನ್ನು ಹೇಗೂ ಬಿಡಲ್ಲ ಅಂದಮೇಲೆ ವರ್ಷದ್ದೇ ಸರಿ. ಆ 100 ಜಿಬಿಯನ್ನು ಫ್ಯಾಮಿಲಿಯಲ್ಲಿ ಇನ್ನೂ ಐದು ಜನರ ಜತೆ ಹಂಚಿಕೊಳ್ಳಬಹುದು, ಅದಕ್ಕೆ ಬೇರೆ ದುಡ್ಡಿಲ್ಲ. ಆಂಡ್ರಾಯ್ಡ್ ಫೋನ್ ಆದರೆ ವಾಟ್ಸ್‌ಆ್ಯಪ್ ಬ್ಯಾಕಪ್ ಕೂಡ 2024ರಿಂದ ಇದೇ ಜಾಗ ತಿನ್ನುತ್ತಿದೆ. ವಾಟ್ಸ್‌ಆ್ಯಪ್ ಸೆಟ್ಟಿಂಗ್‌ನಲ್ಲಿ ಚಾಟ್ ಬ್ಯಾಕಪ್ ತೆಗೆದು ವಿಡಿಯೋ ಸೇರಿಸುವುದನ್ನು ಆಫ್ ಮಾಡಿ. ಗುಡ್ ಮಾರ್ನಿಂಗ್ ವಿಡಿಯೋಗಳಿಗೆಲ್ಲ ಬಾಡಿಗೆ ಕಟ್ಟೋದು ಬೇಡ.

ಬೆಣ್ಣೆನಗರಿ

ನೋಡಿದೆ, ಬ್ಯಾಕಪ್‌ನಲ್ಲಿ ವಿಡಿಯೋ ಆನ್ ಆಗೇ ಇತ್ತು, ಆಫ್ ಮಾಡಿದೆ. ಕೊನೇದೊಂದು, ನೆಟ್‌ಫ್ಲಿಕ್ಸ್ ನಿಲ್ಲಿಸಿದರೆ ಮಗಳು ಅರ್ಧ ನೋಡಿಟ್ಟ ಸೀರೀಸ್, ಅವಳ ಪಟ್ಟಿ ಎಲ್ಲ ಅಳಿಸಿಹೋಗುತ್ತಾ? ಅವಳ ತಕರಾರು ಅದೊಂದೇ.

ತುಂಗಾತೀರ

ಇಲ್ಲ, ಹತ್ತು ತಿಂಗಳವರೆಗೆ ಇಟ್ಟುಕೊಂಡಿರ್ತಾರೆ. ಅದೇ ಈಮೇಲ್‌ನಿಂದ ಮತ್ತೆ ಸೇರಿದರೆ ಸಾಕು, ನಿಲ್ಲಿಸಿದ ಎಪಿಸೋಡ್‌ನಿಂದಲೇ ಶುರುವಾಗುತ್ತದೆ. ಪರೀಕ್ಷೆಗೆ ಚೆನ್ನಾಗಿ ಓದಲಿ ಅಂತ ಹೇಳಿ ಅವಳಿಗೆ.