ಪದಚರ್ಚೆ: ಕೊರೆ, ಕಡೆ, ತೇಯು – ಮಾದರಿ ಕಾರಿನ ಕೆಲಸಕ್ಕೆ ಯಾವುದು ಸರಿ?

ಪದಬಲ್ಲ ಗೆಳೆಯರಿಗೆ ನಮಸ್ಕಾರ.

ಪ್ಲಾಸ್ಟಿಕ್ ಕಿಟ್‌ಗಳಿಂದ 1:24 ಅಳತೆಯ ಮಾದರಿ ಕಾರು ಕಟ್ಟುವ ಬಗ್ಗೆ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಅಂಟು, ಬಣ್ಣ, ಡೆಕಾಲ್‌ಗಳ ಅಧ್ಯಾಯಗಳು ಸಲೀಸಾಗಿ ಮುಗಿದವು. ತುದಿಗೆ ಸಿಕ್ಕಿಸಿದ ಬಿಲ್ಲೆ, ಕಲ್ಲು, ಬಿಟ್‌ಗಳನ್ನು ವೇಗವಾಗಿ ತಿರುಗಿಸುವ, ಕೈಯಲ್ಲಿ ಹಿಡಿಯುವ ಪುಟ್ಟ ಯಂತ್ರ ರೋಟರಿ ಟೂಲ್‌ನ ಅಧ್ಯಾಯಕ್ಕೆ ಬಂದಾಗ ಕ್ರಿಯಾಪದದಲ್ಲೇ ಎಡವಿದೆ.

ಕರಡಿನಲ್ಲಿ ‘ಬಾನೆಟ್ಟನ್ನು ಗೆರೆಗುಂಟ ಕೊರೆಯಿರಿ’ ಎಂದು ಬರೆದಿದ್ದೆ. ನನ್ನ ಮನಸ್ಸಿನಲ್ಲಿದ್ದದ್ದು ಗರಗಸದಿಂದ ಹಲಗೆ ಕೊರೆಯುವ ‘ಕೊರೆ’. ತೆಳು ಬಿಲ್ಲೆ ಹಾಕಿ ಬೇರ್ಪಡಿಸುವುದು. ಓದಿದ ಗೆಳೆಯರು ಬಾವಿ ಕೊರೆಯುವ ‘ಕೊರೆ’ ಎಂದುಕೊಂಡು, 2 ಮಿ.ಮೀ. ಬಿಟ್ ಸಿಕ್ಕಿಸಿ ಗೆರೆಯುದ್ದಕ್ಕೂ ಸಾಲಾಗಿ ತೂತು ಮಾಡಿದರು. ಹಾಗೆ ಬಿಡಿಸುವುದೂ ಒಂದು ಕ್ರಮವೇ, ಆದರೆ ಒಳಗಿನ ತುಂಡು ಬೇಡವಾದಾಗ. ಇಲ್ಲಿ ಬಾನೆಟ್, ಉಳಿದ ಮೈ ಎರಡೂ ಬೇಕಿತ್ತು. ಈ ಅಳತೆಯಲ್ಲಿ 2 ಮಿ.ಮೀ. ಎಂದರೆ ನಿಜವಾದ ಕಾರಿನಲ್ಲಿ 48 ಮಿ.ಮೀ. ಸಂದು. ಬಾನೆಟ್ ಹಾಳಾಯಿತು, ತಪ್ಪು ನನ್ನ ವಾಕ್ಯದ್ದು. ಈಗ ‘ತೂತು ಕೊರೆ’, ‘ಕೊಯ್ದು ಬಿಡಿಸು’ ಎಂದು ಎರಡಾಗಿ ಬರೆದಿದ್ದೇನೆ. ಕೊಯ್ಯುವಾಗ ಬಿಲ್ಲೆಯೇ ತಿಂದುಹಾಕುವ ಅಗಲಕ್ಕೆ ಮರಗೆಲಸದವರ ಬಾಯಲ್ಲಿ ಹೆಸರಿದ್ದರೆ ದಯವಿಟ್ಟು ತಿಳಿಸಿ.

ನನ್ನನ್ನು ಹೆಚ್ಚು ಕಾಡಿರುವುದು ಮುಂದಿನದು. ಚಕ್ರದ ಮೇಲಿನ ಕಮಾನನ್ನು ಒಳಗಿನಿಂದ ತೆಳ್ಳಗೆ ಮಾಡಬೇಕು, ಇಲ್ಲವಾದರೆ ತಗಡಿನಂತೆ ಕಾಣುವುದಿಲ್ಲ. ಈ ಕೆಲಸಕ್ಕೆ ಯಾವ ಪದ? ‘ಅರೆ’ ಎಂದರೆ ಪೂರ್ತಿ ಪುಡಿಯೋ ನುಣ್ಣನೆಯ ಮುದ್ದೆಯೋ ಆಗುವುದು. ‘ಮಸೆ’, ‘ಸಾಣೆ ಹಿಡಿ’ ಎಂದರೆ ಅಲಗು ಹರಿತವಾಗಬೇಕು. ‘ಉಜ್ಜು’ ಮರಳುಕಾಗದಕ್ಕೆ ಬೇಕೇ ಬೇಕು, ಅದನ್ನು ಇಲ್ಲಿ ಖರ್ಚು ಮಾಡಲು ಮನಸ್ಸಿಲ್ಲ. ‘ಸವೆಸು’ ಹತ್ತಿರ ಬರುತ್ತದೆ, ಆದರೆ ಅದರಲ್ಲಿ ಬಳಸಿ ಬಳಸಿ ತಾನಾಗಿ ಕರಗಿದ ಛಾಯೆ ಇದೆ. ಉಳಿದದ್ದು ‘ತೇಯು’. ಗಂಧದ ಕೊರಡಿನ ಹಾಗೆ ಸ್ವಲ್ಪ ಸ್ವಲ್ಪವೇ, ಒತ್ತಡ ನೋಡಿಕೊಂಡು. ತೇಯುವಾಗ ಕಲ್ಲು ನಿಂತಿರುತ್ತದೆ, ಕೊರಡು ಚಲಿಸುತ್ತದೆ. ಇಲ್ಲಿ ತಿರುಗುವುದು ಕಲ್ಲು. ಇಷ್ಟು ವ್ಯತ್ಯಾಸವನ್ನು ಪದ ತಾಳಿಕೊಳ್ಳುತ್ತದೆ ಎಂದು ನನ್ನ ನಂಬಿಕೆ.

ಆ ನಿಧಾನದ ಛಾಯೆ ನನಗೆ ಬೇಕೇ ಬೇಕು. ಕಿಟ್‌ಗಳ ಪಾಲಿಸ್ಟೈರೀನ್ ಸುಮಾರು 100 ಡಿಗ್ರಿ ಸೆಲ್ಸಿಯಸ್‌ಗೆ ಮೆತ್ತಗಾಗುತ್ತದೆ. ಯಂತ್ರವೋ ನಿಮಿಷಕ್ಕೆ 30,000 ಸುತ್ತು ದಾಟಬಲ್ಲದು. ಆ ವೇಗದಲ್ಲಿ ಒತ್ತಿ ಹಿಡಿದರೆ ಉಜ್ಜಾಟದ ಬಿಸಿಗೆ ಪ್ಲಾಸ್ಟಿಕ್ ಎಳೆಎಳೆಯಾಗಿ ಬಿಟ್‌ಗೆ ಸುತ್ತಿಕೊಳ್ಳುತ್ತದೆ. ಹಾಗಾಗಿ ಅತಿ ಕಡಿಮೆ ವೇಗ, ಮುಟ್ಟಿಸಿ ಎತ್ತುವ ಕೈ. ಕೈಪಿಡಿಯಲ್ಲಿ ಹೀಗೆ ಬರೆದಿದ್ದೇನೆ: ‘ಪುಡಿ ಉದುರಿದರೆ ತೇಯುತ್ತಿದೆ, ನೂಲು ಎಳೆದರೆ ಬೇಯುತ್ತಿದೆ.’

‘ಕಡೆ’ ಬಳಸಿ ಎಂದವರಿದ್ದಾರೆ. ಕಡಚಲ ಯಂತ್ರದಲ್ಲಿ (ಲೇತ್) ತಿರುಗುವುದು ವಸ್ತು, ಕಡೆಗೋಲಿನಲ್ಲಿ ತಿರುಗುವುದು ಕೋಲು, ಶಿಲ್ಪಿ ಕಡೆಯುವಾಗ ಯಾವುದೂ ತಿರುಗುವುದಿಲ್ಲ. ಎಷ್ಟು ವಿಶಾಲವಾದ ಪದ! ಆದರೆ ‘ಬಲಗಡೆ ಕಡೆದು, ಕಡೆಗೆ...’ ಎಂದು ಬರೆದು ನೋಡಿದೆ, ಓದಲಾಗಲಿಲ್ಲ. ಟೈರನ್ನೇ ಯಂತ್ರದ ತುದಿಗೆ ಹಾಕುವ ಕಡ್ಡಿಗೆ (ಮ್ಯಾಂಡ್ರಿಲ್) ಸಿಕ್ಕಿಸಿ ತಿರುಗಿಸಿ, ಮರಳುಕಾಗದ ತಾಗಿಸಿ ಮೈಯ ಅಚ್ಚುಗೆರೆ ತೆಗೆಯುವ ಕೆಲಸಕ್ಕೆ ಮಾತ್ರ ಅದನ್ನು ಮೀಸಲಿಟ್ಟಿದ್ದೇನೆ.

ಯಂತ್ರದ ಹೆಸರಿಗೆ ಬಂದರೆ, ಬಳಸುವವರಲ್ಲಿ ಬಹಳಷ್ಟು ಮಂದಿ ಡ್ರೆಮೆಲ್ ಎನ್ನುತ್ತಾರೆ. ಅದು 1932ರಲ್ಲಿ ಅಮೆರಿಕದ ರಾಸೀನ್‌ನಲ್ಲಿ ಆಲ್ಬರ್ಟ್ ಡ್ರೆಮೆಲ್ ಆರಂಭಿಸಿದ ಕಂಪನಿಯ ಹೆಸರು. ಬೇರೆಯವರ ಯಂತ್ರಕ್ಕೂ ಅಂಟಿಕೊಂಡಿದೆ. ಕೀಸು, ಉಳಿ ಸೇರಿ ಕೀಸುಳಿ ಆದಂತೆ ‘ತಿರುಗುಳಿ’ ಆಗಬಹುದೇ? ನನ್ನ ಅಳುಕು ಒಂದೇ: ಉಳಿ ಎಂದ ಕೂಡಲೇ ಕೈ ಒತ್ತಲು ಹೋಗುತ್ತದೆ, ಇಲ್ಲಿ ಒತ್ತಲೇಬಾರದು. 0.5 ಮಿ.ಮೀ. ತಂತಿಗೆ ತೂತು ಮಾಡಲು ಬೆರಳಲ್ಲೇ ತಿರುಗಿಸುವ ಪಿನ್ ವೈಸ್‌ಗೆ ‘ಕೈಬೈರಿಗೆ’ ಚೆನ್ನಾಗಿ ಹೊಂದಿತು. ಬಿಟ್ ಹಿಡಿದಿಡುವ ಭಾಗಗಳಾದ ಕಾಲೆಟ್, ಚಕ್ ಹಾಗೆಯೇ ಇರಲಿ.

ಕೊನೆಯದಾಗಿ ರೂಪದ ಪ್ರಶ್ನೆ. ‘ತೇಯ್ದು’, ‘ತೇದು’ ಎರಡೂ ಕೇಳಿದ್ದೇನೆ. ಕೈಪಿಡಿಯಲ್ಲಿ ಒಂದನ್ನೇ ಉಳಿಸಿಕೊಳ್ಳಬೇಕು. ನಿಮ್ಮ ನಾಲಿಗೆಯ ಮೇಲೆ ಯಾವುದಿದೆ?