ತುಮಕೂರಿನ ಎಸ್. ಮಲ್ಲಿಕಾರ್ಜುನಯ್ಯನವರು ವಿರೋಧ ಪಕ್ಷದಲ್ಲಿದ್ದೂ ಲೋಕಸಭೆಯ ಉಪಸಭಾಧ್ಯಕ್ಷರಾದದ್ದು ಹೇಗೆ?

ಶಿರಾಗೇಟ್ ವಿದ್ಯಾರ್ಥಿ:
ಹಿರಿಯರಿಗೆ ನಮಸ್ಕಾರ. ಕಾಲೇಜಿನ ರಾಜ್ಯಶಾಸ್ತ್ರ ವಿಭಾಗಕ್ಕಾಗಿ ತುಮಕೂರು ಕ್ಷೇತ್ರದ ಸಂಸದರ ಬಗ್ಗೆ ಪ್ರಬಂಧವೊಂದನ್ನು ಬರೆಯುತ್ತಿದ್ದೇನೆ. ಮನೆಯಲ್ಲಿ ತಾತನವರನ್ನು ಕೇಳಿದರೆ ಕೆ. ಲಕ್ಕಪ್ಪ, ಜಿ.ಎಸ್. ಬಸವರಾಜು ಎಂಬ ಹೆಸರುಗಳು ಥಟ್ಟನೆ ಬರುತ್ತವೆ. 1991, 1998 ಮತ್ತು 2004ರಲ್ಲಿ ಮೂರು ಬಾರಿ ಗೆದ್ದ ಮಲ್ಲಿಕಾರ್ಜುನಯ್ಯನವರ ಹೆಸರು ಮಾತ್ರ ಸ್ವಲ್ಪ ಯೋಚಿಸಿದ ಮೇಲೆ ಬರುತ್ತದೆ. ಅವರು 1991ರಿಂದ 1996ರವರೆಗೆ ಲೋಕಸಭೆಯ ಡೆಪ್ಯುಟಿ ಸ್ಪೀಕರ್ ಆಗಿದ್ದರೆಂದು ಓದಿದೆ. ಆಗ ದೆಹಲಿಯಲ್ಲಿದ್ದದ್ದು ಪಿ.ವಿ. ನರಸಿಂಹರಾವ್ ಅವರ ಕಾಂಗ್ರೆಸ್ ಸರ್ಕಾರ, ಇವರು ಬಿಜೆಪಿಯವರು. ಇದು ಹೇಗೆ ಸಾಧ್ಯವಾಯಿತು? ಆ ಹುದ್ದೆಯಿಂದ ನಮ್ಮ ಜಿಲ್ಲೆಗೆ ಆದದ್ದಾದರೂ ಏನು? ತಾತನವರು "ಪೀಠದ ಮೇಲೆ ಕೂತರು, ಅಷ್ಟೆ" ಎನ್ನುತ್ತಾರೆ.

ಅಮಾನಿಕೆರೆ ದಂಡೆ:
ನಿಮ್ಮ ತಾತನವರ ಮಾತಿನಲ್ಲಿ ಸತ್ಯವಿದೆ, ಆದರೆ ಆ "ಅಷ್ಟೆ" ಎಂಬುದನ್ನು ಮಾತ್ರ ನಾನು ಒಪ್ಪುವುದಿಲ್ಲ.

ಮೊದಲು ಆ ಚುನಾವಣೆಯನ್ನು ನೆನಪಿಸಿಕೊಳ್ಳಬೇಕು. 1991ರ ಮೇ 21ರಂದು ರಾಜೀವ್ ಗಾಂಧಿಯವರ ಹತ್ಯೆಯಾದ ಮೇಲೆ ಕರ್ನಾಟಕದ ಮತದಾನ ಜೂನ್ ತಿಂಗಳಿಗೆ ಹೋಯಿತು, ಇಲ್ಲಿನ 28 ಸ್ಥಾನಗಳಲ್ಲಿ 23ನ್ನು ಕಾಂಗ್ರೆಸ್ ಗೆದ್ದುಕೊಂಡಿತು. ಅಂಥ ಅಲೆಯ ನಡುವೆಯೂ ಬಿಜೆಪಿಗೆ ನಾಲ್ಕು ಸ್ಥಾನ ದಕ್ಕಿದವು: ಬೆಂಗಳೂರು ದಕ್ಷಿಣ, ಮಂಗಳೂರು, ಬೀದರ್ ಮತ್ತು ನಮ್ಮ ತುಮಕೂರು. ಕಲ್ಪತರು ನಾಡಿನಲ್ಲಿ ಆ ಪಕ್ಷ ಗೆಲ್ಲುತ್ತದೆಂದು ಅಂದು ಹೇಳಿದ್ದರೆ ನಗುವವರೇ ಹೆಚ್ಚಾಗಿದ್ದರು.

ಇನ್ನು ಹುದ್ದೆಯ ವಿಚಾರ. ಸಂವಿಧಾನದ 93ನೇ ವಿಧಿಯ ಪ್ರಕಾರ ಸಭಾಧ್ಯಕ್ಷರನ್ನೂ ಉಪಸಭಾಧ್ಯಕ್ಷರನ್ನೂ ಸದನವೇ ತನ್ನ ಸದಸ್ಯರಿಂದ ಆರಿಸಿಕೊಳ್ಳುತ್ತದೆ. ಎರಡನೆಯ ಸ್ಥಾನ ವಿರೋಧ ಪಕ್ಷಕ್ಕೇ ಹೋಗಬೇಕೆಂದು ಅಲ್ಲಿ ಎಲ್ಲಿಯೂ ಬರೆದಿಲ್ಲ, ಅದು ಕೇವಲ ಸಂಪ್ರದಾಯ. 1990ರಲ್ಲಿ ವಿ.ಪಿ. ಸಿಂಗ್ ಅವರ ಸರ್ಕಾರವಿದ್ದಾಗ ವಿರೋಧದಲ್ಲಿದ್ದ ಕಾಂಗ್ರೆಸ್ಸಿನ ಶಿವರಾಜ್ ಪಾಟೀಲರು ಉಪಸಭಾಧ್ಯಕ್ಷರಾಗಿದ್ದರು. ಮರುವರ್ಷ ಅವರೇ ಸಭಾಧ್ಯಕ್ಷರಾದರು, ಅವರು ಬಿಟ್ಟ ಸ್ಥಾನಕ್ಕೆ ಆಗ ಮುಖ್ಯ ವಿರೋಧ ಪಕ್ಷವಾಗಿದ್ದ ಬಿಜೆಪಿಯಿಂದ ಮಲ್ಲಿಕಾರ್ಜುನಯ್ಯನವರು 1991ರ ಆಗಸ್ಟ್ 13ರಂದು ಆಯ್ಕೆಯಾದರು. ಬಹುಮತವಿಲ್ಲದ ಸರ್ಕಾರಕ್ಕೆ ಸದನವನ್ನು ನಡೆಸಲು ಎಲ್ಲರ ಸಹಕಾರ ಬೇಕಿತ್ತೆಂಬುದನ್ನೂ ಮರೆಯಬಾರದು. ಇವರು ಲೋಕಸಭೆಗೆ ಹೊಸಬರಾದರೂ ಸದನಕ್ಕೆ ಹೊಸಬರಲ್ಲ, ನಮ್ಮ ವಿಧಾನ ಪರಿಷತ್ತಿನಲ್ಲಿ ಪಳಗಿ ಹೋದವರು.

ಆ ಐದು ವರ್ಷಗಳು ಎಂಥವು ನೋಡಿ. 1992ರ ಡಿಸೆಂಬರ್ 6ರಂದು ಅಯೋಧ್ಯೆಯಲ್ಲಿ ಬಾಬರಿ ಮಸೀದಿಯನ್ನು ಕೆಡವಿದ ಬಳಿಕ ಸದನದ ಕಲಾಪ ದಿನಗಟ್ಟಲೆ ಹಳಿ ತಪ್ಪಿತು. ಅದೇ ತಿಂಗಳಲ್ಲಿ ಪಂಚಾಯತಿಗಳಿಗೂ ನಗರಸಭೆಗಳಿಗೂ ಸಂಬಂಧಿಸಿದ 73 ಮತ್ತು 74ನೇ ತಿದ್ದುಪಡಿಗಳಿಗೆ ಒಪ್ಪಿಗೆ ಸಿಕ್ಕಿತು. 1993ರ ಜುಲೈನಲ್ಲಿ ಅವಿಶ್ವಾಸ ನಿರ್ಣಯದ ಪರವಾಗಿ 251, ವಿರುದ್ಧವಾಗಿ 265 ಮತಗಳು ಬಿದ್ದು ಸರ್ಕಾರ ಕೂದಲೆಳೆಯಲ್ಲಿ ಉಳಿಯಿತು. ತಮ್ಮ ಪಕ್ಷವೇ ಬಿರುಗಾಳಿಯ ನಡುವೆ ನಿಂತಿದ್ದಾಗ, ಸಭಾಧ್ಯಕ್ಷರಿಲ್ಲದ ಹೊತ್ತಿನಲ್ಲೆಲ್ಲ ಆ ಪೀಠದಲ್ಲಿ ಕೂತು ಎರಡೂ ಕಡೆಯವರನ್ನು ಒಂದೇ ದನಿಯಲ್ಲಿ ಕೂರಿಸುವುದು ಸುಲಭದ ಕೆಲಸವೆಂದು ನನಗೆ ಅನ್ನಿಸುವುದಿಲ್ಲ.

ತಿಪಟೂರು ತೆಂಗಿನತೋಟ:
ಮೇಲಿನವರ ವಿವರಣೆ ಚೆನ್ನಾಗಿದೆ, ಆದರೆ ಎರಡನೆಯ ಪ್ರಶ್ನೆಗೆ ಉತ್ತರ ಬರಲಿಲ್ಲ. ಕೊಬ್ಬರಿ ಬೆಲೆ ಬಿದ್ದಾಗ ದನಿಯೆತ್ತುವ ಸಂಸದರು ನಮಗೆ ಬೇಕು, ಸದನದಲ್ಲಿ ಗದ್ದಲ ನಿಲ್ಲಿಸುವವರಲ್ಲ. ಪೀಠದಲ್ಲಿ ಕೂತವರು ಮಾತನಾಡುವಂತಿಲ್ಲ, ಮತ ಹಾಕುವಂತಿಲ್ಲ. ಜನರೂ ಆ ಹುದ್ದೆಗೆ ಬೆಲೆ ಕೊಡಲಿಲ್ಲವೆಂಬುದಕ್ಕೆ 1996ರಲ್ಲಿ ಕ್ಷೇತ್ರ ಜನತಾ ದಳದ ಸಿ.ಎನ್. ಭಾಸ್ಕರಪ್ಪನವರ ಪಾಲಾದದ್ದೇ ಸಾಕ್ಷಿ.

ಅಮಾನಿಕೆರೆ ದಂಡೆ:
ಸ್ವಾಮಿ, ಒಂದು ತಿದ್ದುಪಡಿ. ಮೌನದ ಕಟ್ಟುಪಾಡು ಪೀಠದಲ್ಲಿ ಕೂತಿರುವಷ್ಟು ಹೊತ್ತು ಮಾತ್ರ. ಆಗಲೂ ಎರಡೂ ಕಡೆ ಮತಗಳು ಸಮನಾದರೆ ನಿರ್ಣಾಯಕ ಮತ ಹಾಕಬಹುದು. ಸಭಾಧ್ಯಕ್ಷರು ಪೀಠದಲ್ಲಿರುವಾಗ ಉಪಸಭಾಧ್ಯಕ್ಷರು ಉಳಿದ ಸದಸ್ಯರಂತೆಯೇ ಚರ್ಚೆಯಲ್ಲಿ ಭಾಗವಹಿಸಬಹುದು, ಮತವನ್ನೂ ಹಾಕಬಹುದು. ಯಾವುದೇ ಸಂಸದೀಯ ಸಮಿತಿಗೆ ಸದಸ್ಯರಾಗಿ ಸೇರಿದರೆ ಅದರ ಅಧ್ಯಕ್ಷತೆ ತಾನಾಗಿಯೇ ಅವರಿಗೆ ಬರುತ್ತದೆ.

ಜಿಲ್ಲೆಗೆ ಏನು ಮಾಡಿದರೆಂದು ಕೇಳುವಾಗ ಇನ್ನೊಂದನ್ನು ಗಮನಿಸಿ. ಸಂಸದರ ಪ್ರದೇಶಾಭಿವೃದ್ಧಿ ನಿಧಿ ಆರಂಭವಾದದ್ದೇ 1993ರ ಡಿಸೆಂಬರಿನಲ್ಲಿ, ಮೊದಲ ವರ್ಷ ಕೊಟ್ಟದ್ದು ತಲಾ 5 ಲಕ್ಷ ರೂಪಾಯಿ, ಮರುವರ್ಷದಿಂದ 1 ಕೋಟಿ. ಎಂದರೆ ಅವರ ಮೊದಲ ಅವಧಿಯ ಅರ್ಧ ಭಾಗದಲ್ಲಿ ಒಂದು ಸಮುದಾಯ ಭವನಕ್ಕೆ ಕೊಡಲೂ ಸಂಸದರ ಕೈಯಲ್ಲಿ ಅಂಥ ಹಣವಿರಲಿಲ್ಲ. ಇಂದು ನಾವು ಹೆಸರು ಕೆತ್ತಿದ ಬಸ್ ತಂಗುದಾಣಗಳನ್ನು ನೋಡಿ ಸಂಸದರನ್ನು ಅಳೆಯುತ್ತೇವೆ, ಅದೇ ಅಳತೆಗೋಲನ್ನು 1991ಕ್ಕೆ ಹಿಡಿಯುವುದು ಸರಿಯಲ್ಲ. ಸೋಲು ಗೆಲುವಿನ ಮಾತಿಗೆ ಬಂದರೆ, 1998ರಲ್ಲಿ ಇದೇ ಜನ ಅವರನ್ನು ಮತ್ತೆ ಕಳುಹಿಸಿದರು, 1999ರಲ್ಲಿ ಕಾಂಗ್ರೆಸ್ಸಿನ ಬಸವರಾಜು ಅವರನ್ನು ಆರಿಸಿ 2004ರಲ್ಲಿ ಪುನಃ ಇವರನ್ನೇ ಕರೆದರು. (ಆ ಬಸವರಾಜು ಅವರೇ 2009ರಲ್ಲಿಯೂ 2019ರಲ್ಲಿಯೂ ಬಿಜೆಪಿಯಿಂದ ಗೆದ್ದರೆಂಬುದು ನಮ್ಮೂರ ರಾಜಕೀಯದ ಸೊಗಸು!)

ಮಲೆನಾಡ ಅಳಿಯ:
ಪ್ರಬಂಧದಲ್ಲಿ "ಈ ಹುದ್ದೆಗೇರಿದ ಮೊದಲ ಕನ್ನಡಿಗ" ಎಂದು ಮಾತ್ರ ಬರೆಯಬೇಡಿ. 1962ರಲ್ಲಿ ಶಿವಮೊಗ್ಗದಿಂದ ಗೆದ್ದ ಎಸ್.ವಿ. ಕೃಷ್ಣಮೂರ್ತಿ ರಾವ್ ಅವರು ಆ ಲೋಕಸಭೆಯ ಉಪಸಭಾಧ್ಯಕ್ಷರಾಗಿದ್ದರು, ಅದಕ್ಕೂ ಮುನ್ನ ರಾಜ್ಯಸಭೆಯಲ್ಲಿ ಉಪಸಭಾಪತಿಗಳಾಗಿದ್ದರು. 2019ರಿಂದ 2024ರವರೆಗಿನ ಲೋಕಸಭೆಯಲ್ಲಿ ಈ ಸ್ಥಾನ ಪೂರ್ತಿ ಐದು ವರ್ಷ ಖಾಲಿಯಿತ್ತೆಂಬುದನ್ನೂ ಸೇರಿಸಿಕೊಳ್ಳಿ.

ಶಿರಾಗೇಟ್ ವಿದ್ಯಾರ್ಥಿ:
ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ರಾತ್ರಿ ಸಂಸತ್ತಿನ ಡಿಜಿಟಲ್ ಗ್ರಂಥಾಲಯದಲ್ಲಿ ಆ ವರ್ಷಗಳ ಚರ್ಚೆಗಳನ್ನು ತೆರೆದು ಅವರ ಹೆಸರನ್ನು ಹುಡುಕಿದೆ, ಹೆಚ್ಚೇನೂ ಸಿಗಲಿಲ್ಲ. ಇದಕ್ಕೆ ಕಾರಣವೇನಿರಬಹುದು?

ಅಮಾನಿಕೆರೆ ದಂಡೆ:
ಹೆಸರಿನಿಂದ ಹುಡುಕಬೇಡಿ. ಪೀಠದಲ್ಲಿ ಕೂತು ಆಡಿದ ಮಾತುಗಳನ್ನು ನಡಾವಳಿಯಲ್ಲಿ "ಉಪಸಭಾಧ್ಯಕ್ಷರು" ಎಂದಷ್ಟೇ ದಾಖಲಿಸುತ್ತಾರೆ, ವ್ಯಕ್ತಿಯ ಹೆಸರನ್ನು ಬರೆಯುವುದಿಲ್ಲ. ದಿನಾಂಕ ಹಿಡಿದು ಪುಟ ತಿರುವಿರಿ.